ಎಲ್4-ಎಲ್5 ಡಿಸ್ಕ್ ತೊಂದರೆ: ಮನೆಯಲ್ಲೇ ಪಿಲಾಟೀಸ್ ಮಾಡುವುದಾದರೆ ಯಾವುದು ಮಾಡಬೇಕು, ಯಾವುದು ಬಿಡಬೇಕು?

ಸಂಜೆಮಲ್ಲಿಗೆ:

ಎಲ್ಲರಿಗೂ ನಮಸ್ಕಾರ. ವಯಸ್ಸು 43, ತೂಕ 70 ಕಿಲೋ, ದಿನವಿಡೀ ಕಂಪ್ಯೂಟರ್ ಮುಂದೆ ಕೂರುವ ಕೆಲಸ. ಎರಡು ವರ್ಷದಿಂದ ಸೊಂಟನೋವು ಬಂದು ಹೋಗಿ ಮಾಡುತ್ತಿದೆ. ಎಂಆರ್‌ಐ ರಿಪೋರ್ಟಿನಲ್ಲಿ ಎಲ್4-ಎಲ್5 ಡಿಸ್ಕ್ (ಸೊಂಟದ ಕೊನೆಯ ಎರಡು ಕಶೇರುಗಳ, ಅಂದರೆ ಬೆನ್ನುಮೂಳೆಯ ಮಣಿಗಳ, ನಡುವಿನ ಮೆತ್ತೆ) ಉಬ್ಬಿದೆ, ಅದರ ಕೆಳಗಿನ ಎಲ್5-ಎಸ್1 ಸವೆದಿದೆ ಎಂದಿದೆ. ಬಗ್ಗಿ ಏನಾದರೂ ಎತ್ತಿದಾಗ, ತುಂಬಾ ಹೊತ್ತು ಕೂತಾಗ ನೋವು ಜಾಸ್ತಿ. ನಡೆದಾಡಿದರೆ ಹಗುರ. ಒಮ್ಮೊಮ್ಮೆ ಎಡ ಪಿರ್ರೆಯಿಂದ ತೊಡೆಯ ಹಿಂಭಾಗದವರೆಗೆ ಸೆಳೆತ ಬರುತ್ತದೆ. ಕಾಲಿನಲ್ಲಿ ಶಕ್ತಿ ಕಡಿಮೆಯಾಗಿಲ್ಲ, ಜೋಮೂ ಇಲ್ಲ.

ಆಪರೇಷನ್ ಬೇಡ, ವ್ಯಾಯಾಮ ಮಾಡಿ, ಪಿಲಾಟೀಸ್ (ಉಸಿರಾಟದ ಜೊತೆ ನಿಧಾನವಾಗಿ ಮಾಡುವ, ಹೊಟ್ಟೆ-ಬೆನ್ನು ಗಟ್ಟಿಗೊಳಿಸುವ ವ್ಯಾಯಾಮ ಪದ್ಧತಿ) ಆದರೂ ಆದೀತು ಎಂದು ಡಾಕ್ಟರು ಹೇಳಿದ್ದಾರೆ. ನಮ್ಮ ಊರಿನಲ್ಲಿ ಕಲಿಸುವವರಿಲ್ಲ. ವಿಡಿಯೋ ನೋಡಿ ಹಂಡ್ರೆಡ್ (ಅಂಗಾತ ಮಲಗಿ ತಲೆ, ಕಾಲು ಎತ್ತಿ ಹಿಡಿದು ಕೈ ಬಡಿಯುವುದು), ರೋಲ್ ಅಪ್ (ಮಲಗಿದಲ್ಲಿಂದ ಬೆನ್ನನ್ನು ಸುರುಳಿಯಾಗಿಸಿ ಎದ್ದು ಕೂರುವುದು), ರೋಲಿಂಗ್ ಲೈಕ್ ಎ ಬಾಲ್ (ಚೆಂಡಿನಂತೆ ಮುದುಡಿ ಉರುಳುವುದು) ಮೂರನ್ನು ಶುರು ಮಾಡಿದ ವಾರದಲ್ಲೇ ಸೊಂಟ ಹಿಡಿದುಕೊಂಡಿತು. ಪಿಲಾಟೀಸ್ ಈ ಬೆನ್ನಿಗೆ ಆಗಿಬರುವುದಿಲ್ಲವೇ, ಅಥವಾ ಆರಿಸಿಕೊಂಡ ವ್ಯಾಯಾಮಗಳೇ ಸರಿಯಿಲ್ಲವೇ? ಯಾವುದರಿಂದ ಶುರು ಮಾಡಬೇಕು, ದಿನಕ್ಕೆ ಎಷ್ಟು ಮಾಡಬೇಕು, ನೋವು ಬಂದರೆ ನಿಲ್ಲಿಸಬೇಕೋ ಮುಂದುವರಿಸಬೇಕೋ, ದಯವಿಟ್ಟು ವಿವರವಾಗಿ ಹೇಳಿ.

---

ಬೆನ್ನೆಲುಬು_ಫಿಸಿಯೋ:

ಪಿಲಾಟೀಸ್ ನಿಮಗೆ ಆಗಿಬರುತ್ತದೆ. ಆರಿಸಿಕೊಂಡ ಮೂರೂ ವ್ಯಾಯಾಮಗಳು ಮಾತ್ರ ನಿಮ್ಮ ಬೆನ್ನಿಗೆ ಸದ್ಯಕ್ಕೆ ಬೇಡವಾದವು. ಕಾರಣ ತಿಳಿದುಕೊಂಡರೆ ಮುಂದೆ ಯಾವ ವಿಡಿಯೋ ನೋಡಿದರೂ ಏನು ಬಿಡಬೇಕೆಂದು ನಿಮಗೇ ಗೊತ್ತಾಗುತ್ತದೆ.

ಬಗ್ಗಿದರೆ, ಕೂತರೆ ಜಾಸ್ತಿ. ನಿಂತು ನಡೆದಾಡಿದರೆ ಕಡಿಮೆ. ಅಂದರೆ ಮುಂದಕ್ಕೆ ಬಾಗುವುದನ್ನು ಸಹಿಸದ ಬೆನ್ನು ನಿಮ್ಮದು. ಇದಕ್ಕೆ ಪೂರ್ತಿ ವಿರುದ್ಧವಾದ ಗುಂಪೂ ಇದೆ. ನಿಂತರೆ, ನಡೆದರೆ ಅವರಿಗೆ ಕಾಲು ಭಾರವಾಗುತ್ತದೆ, ಕೂತರೆ ಅಥವಾ ಮುಂದಕ್ಕೆ ಬಾಗಿದರೆ ಸುಖ. ಸ್ಟೆನೋಸಿಸ್, ಅಂದರೆ ನರದ ಕಾಲುವೆ ಕಿರಿದಾದವರು ಮತ್ತು ಲಿಸ್ಥೆಸಿಸ್, ಅಂದರೆ ಒಂದು ಕಶೇರು ಇನ್ನೊಂದರ ಮೇಲೆ ಮುಂದಕ್ಕೆ ಸರಿದವರು ಹೆಚ್ಚಾಗಿ ಈ ಗುಂಪಿಗೆ ಸೇರುತ್ತಾರೆ. ಒಂದು ಗುಂಪಿಗೆ ಔಷಧವಾದ ವ್ಯಾಯಾಮ ಇನ್ನೊಂದಕ್ಕೆ ತೊಂದರೆ. "ಬೆನ್ನುನೋವಿಗೆ ಹತ್ತು ಪಿಲಾಟೀಸ್" ಎಂಬಂಥ ವಿಡಿಯೋಗಳಲ್ಲಿ ನನಗೆ ಕಾಣುವ ದೊಡ್ಡ ಕೊರತೆ ಇದು: ನೋಡುತ್ತಿರುವವರು ಯಾವ ಗುಂಪಿನವರು ಎಂದು ಅವು ಕೇಳುವುದೇ ಇಲ್ಲ.

ಈ ಪದ್ಧತಿಯನ್ನು ರೂಪಿಸಿದ ಜೋಸೆಫ್ ಪಿಲಾಟೀಸ್ 1945ರಲ್ಲಿ ಪ್ರಕಟಿಸಿದ ಮೂಲ ಕ್ರಮದಲ್ಲಿ ನೆಲದ ಮೇಲೆ ಮಾಡುವ 34 ವ್ಯಾಯಾಮಗಳಿವೆ. ಹಂಡ್ರೆಡ್, ರೋಲ್ ಅಪ್, ರೋಲ್ ಓವರ್ ಅದರಲ್ಲಿ ಮೊದಲ ಮೂರು. ಒಟ್ಟಾರೆ ಅರ್ಧದಷ್ಟು ವ್ಯಾಯಾಮಗಳಲ್ಲಿ ಬೆನ್ನು ಗುಂಡಗಾಗುತ್ತದೆ. ನೋವಿಲ್ಲದವರಿಗೆ ಅದರಿಂದ ತೊಂದರೆಯಿಲ್ಲ. ನಿಮ್ಮಂಥ ಬೆನ್ನಿನಲ್ಲಿ ಸೊಂಟ ಗುಂಡಗಾದಾಗ ಡಿಸ್ಕಿನ ಮುಂಭಾಗ ಅದುಮಿ ಒತ್ತಡ ಹಿಂಭಾಗಕ್ಕೆ ಹೋಗುತ್ತದೆ. ಉಬ್ಬು ಸಾಮಾನ್ಯವಾಗಿ ಇರುವುದೂ ಅಲ್ಲೇ, ನರ ಹಾಯುವುದೂ ಅದರ ಪಕ್ಕದಲ್ಲೇ.

ಹಂಡ್ರೆಡ್‌ನಲ್ಲಿ ಇನ್ನೊಂದು ತೊಡಕಿದೆ. ಒಂದು ಕಾಲಿನ ತೂಕ ದೇಹದ ತೂಕದ ಸುಮಾರು ಆರನೇ ಒಂದು ಭಾಗ. ನಿಮ್ಮ ತೂಕಕ್ಕೆ ಎರಡೂ ಕಾಲು ಸೇರಿ 22-23 ಕಿಲೋ. ಅಷ್ಟನ್ನು ನೇರವಾಗಿ ಚಾಚಿ ಗಾಳಿಯಲ್ಲಿ ಹಿಡಿಯುವ ಸೋವಸ್ ಸ್ನಾಯು ಸೊಂಟದ ಕಶೇರುಗಳಿಂದಲೇ ಹೊರಡುತ್ತದೆ. ಹೊಟ್ಟೆಯ ಸ್ನಾಯು ಎದುರು ಹಿಡಿತ ಕೊಡದಿದ್ದರೆ ಅದು ಕಶೇರುಗಳನ್ನು ಮುಂದಕ್ಕೆ ಜಗ್ಗುತ್ತದೆ, ಜೊತೆಗೆ ಡಿಸ್ಕನ್ನು ಅದುಮುತ್ತದೆ.

ಹಾಗಾಗಿ ಸದ್ಯಕ್ಕೆ ಬಿಡಬೇಕಾದವು: ರೋಲ್ ಅಪ್, ರೋಲ್ ಓವರ್, ರೋಲಿಂಗ್ ಲೈಕ್ ಎ ಬಾಲ್, ಓಪನ್ ಲೆಗ್ ರಾಕರ್, ಡಬಲ್ ಲೆಗ್ ಸ್ಟ್ರೆಚ್, ಸ್ಪೈನ್ ಸ್ಟ್ರೆಚ್, ಸಾ, ನೆಕ್ ಪುಲ್, ಜ್ಯಾಕ್‌ನೈಫ್, ಟೀಸರ್, ಬೂಮರಾಂಗ್, ಸೀಲ್. ಸಾ ಎಂಬುದರ ಬಗ್ಗೆ ಹೆಚ್ಚು ಎಚ್ಚರವಿರಲಿ, ಅದರಲ್ಲಿ ಬಾಗುವುದು ತಿರುಚುವುದು ಎರಡೂ ಒಟ್ಟಿಗೆ ಆಗುತ್ತವೆ.

ಎಂಆರ್‌ಐ ರಿಪೋರ್ಟ್ ಓದಿ ಹೆದರಬೇಡಿ. ನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟಿಸಿದ ಪರಿಶೀಲನೆಯೊಂದರಲ್ಲಿ, 20 ವರ್ಷದವರಲ್ಲಿ 37% ಮತ್ತು 80 ವರ್ಷದವರಲ್ಲಿ 96% ಮಂದಿಗೆ ಡಿಸ್ಕ್ ಸವೆತ ಕಂಡಿತ್ತು. ಡಿಸ್ಕ್ ಉಬ್ಬು 20ಕ್ಕೆ 30%, 80ಕ್ಕೆ 84%. ವ್ಯಾಯಾಮ ಆರಿಸುವಾಗ ರಿಪೋರ್ಟಿನ ಪದಗಳಿಗಿಂತ ನಿಮ್ಮ ನೋವು ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಎಂಬುದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡ. ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ಮಲವಿಸರ್ಜನೆಯ ಮೇಲೆ ಹತೋಟಿ ಹೋದರೆ, ತೊಡೆಸಂದು ಹಾಗೂ ಗುದದ ಸುತ್ತ ಮರಗಟ್ಟಿದರೆ, ಪಾದ ಎತ್ತಲಾಗದೆ ನೆಲಕ್ಕೆ ಎಳೆಯತೊಡಗಿದರೆ ಅದೇ ದಿನ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು. ಬೆನ್ನುನೋವಿನ ಜೊತೆ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದವರಿಗೆ ಹೊಸದಾಗಿ ಬಂದ ಬೆನ್ನುನೋವು, ಬಿದ್ದ ಮೇಲೆ ಶುರುವಾದ ನೋವು, ಮಲಗಿದರೂ ಬಿಡದ ರಾತ್ರಿ ನೋವು, ಇವುಗಳಲ್ಲಿ ಯಾವುದಿದ್ದರೂ ಮೊದಲು ಡಾಕ್ಟರು, ಆಮೇಲೆ ವ್ಯಾಯಾಮ.

---

ನೆಲದಮ್ಯಾಟ್:

ಮೇಲಿನವರು ಏನು ಬಿಡಬೇಕು ಎಂದು ಹೇಳಿದ್ದಾರೆ. ನಾನು ಮಾಡಬೇಕಾದ್ದನ್ನು ಬರೆಯುತ್ತೇನೆ. ಉದ್ದ ಆಯಿತು, ಆದರೆ ಹೇಗೆ ಮಾಡಬೇಕೆಂಬುದನ್ನು ಬಿಟ್ಟು ಹೆಸರು ಮಾತ್ರ ಹೇಳಿದರೆ ಪ್ರಯೋಜನವಿಲ್ಲ.

ಹಾಸಿಗೆಯ ಮೇಲೆ ಮಾಡಬೇಡಿ, ಸೊಂಟ ಕುಸಿಯುತ್ತದೆ. ಯೋಗದ ಮ್ಯಾಟ್ 4ರಿಂದ 6 ಮಿ.ಮೀ. ಇರುತ್ತದೆ, ಅಂಗಾತ ಮಲಗಿದಾಗ ಮೂಳೆ ಒತ್ತುತ್ತದೆ. 10-15 ಮಿ.ಮೀ. ದಪ್ಪದ್ದು ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಜಮಖಾನದ ಮೇಲೆ ಕಂಬಳಿ ಮಡಿಸಿ ಹಾಕಿದರೂ ಸಾಕು. ತಲೆ ಹಿಂದಕ್ಕೆ ವಾಲುವಂತಿದ್ದರೆ ಕೆಳಗೆ ಮಡಿಸಿದ ಟವೆಲ್ ಇಡಿ.

ಮೊದಲು ನ್ಯೂಟ್ರಲ್ ಸ್ಥಿತಿ, ಅಂದರೆ ಸೊಂಟ ಬಿಲ್ಲೂ ಆಗದೆ ಒಳಕ್ಕೆ ಮಡಚಿಯೂ ಇರದ ಸ್ಥಿತಿ, ಹುಡುಕುವುದು. ಅಂಗಾತ ಮಲಗಿ ಮಂಡಿ ಮಡಚಿ, ಪಾದಗಳು ನೆಲದ ಮೇಲೆ, ನಡುವೆ ಒಂದು ಗೇಣು ಅಂತರ. ಎರಡೂ ಅಂಗೈಗಳ ಬುಡವನ್ನು ಸೊಂಟದ ಮುಂದೆ ಚಾಚಿದ ಮೂಳೆಗಳ ಮೇಲೆ, ಬೆರಳ ತುದಿಗಳನ್ನು ಕಿಬ್ಬೊಟ್ಟೆಯ ಕೆಳಗಿನ ಗುಹ್ಯದ ಮೂಳೆಯ ಮೇಲೆ ಇಡಿ. ಈ ತ್ರಿಕೋನ ನೆಲಕ್ಕೆ ಸಮವಾಗಿರಬೇಕು. ಬೆರಳ ತುದಿ ಮೇಲೆದ್ದರೆ ಸೊಂಟ ಒಳಕ್ಕೆ ಮಡಚಿದೆ, ಅಂಗೈ ಬುಡ ಮೇಲೆದ್ದರೆ ಸೊಂಟ ಬಿಲ್ಲಾಗಿದೆ. ಸರಿಯಾದಾಗ ಸೊಂಟದ ಕೆಳಗೆ ಚಪ್ಪಟೆ ಕೈ ತೂರುವಷ್ಟು ಜಾಗ ಇರುತ್ತದೆ. "ಸೊಂಟವನ್ನು ನೆಲಕ್ಕೆ ಒತ್ತಿ" ಎಂಬ ಸಲಹೆ ಹಲವು ಕಡೆ ಕೇಳಿಸುತ್ತದೆ. ನಿಮಗೆ ಅದು ಬೇಡ, ಒತ್ತಿದರೆ ಮತ್ತೆ ಬಾಗಿಸಿದ ಹಾಗೆಯೇ.

ಉಸಿರು: ಕೈಗಳನ್ನು ಪಕ್ಕೆಲುಬಿನ ಎರಡೂ ಬದಿಗೆ ಇಟ್ಟು, ಮೂಗಿನಿಂದ ಎಳೆದುಕೊಳ್ಳುವಾಗ ಪಕ್ಕೆಗಳು ಅಗಲಕ್ಕೆ ಹರಡಬೇಕು. ಬಾಯಿಂದ ನಿಧಾನ ಬಿಡುವಾಗ ಕಿಬ್ಬೊಟ್ಟೆಯನ್ನು ಮೆಲ್ಲಗೆ ಒಳಗೆ ಸೆಳೆಯಿರಿ. ಶಕ್ತಿಯ ನಾಲ್ಕನೇ ಒಂದು ಭಾಗ ಹಾಕಿದರೆ ಸಾಕು. ಸೊಂಟದ ಮೂಳೆಯಿಂದ ಎರಡು ಬೆರಳು ಒಳಗೆ ಹೆಬ್ಬೆರಳು ಒತ್ತಿ ನೋಡಿ. ಮೆಲ್ಲಗೆ ಬಿಗಿಯಾದರೆ ಸರಿ, ಬೆರಳನ್ನೇ ಮೇಲಕ್ಕೆ ನೂಕಿದರೆ ಬಲ ಜಾಸ್ತಿಯಾಯಿತು. ಹಿಡಿತ ಇಟ್ಟುಕೊಂಡೇ ಒಂದರಿಂದ ಹತ್ತರವರೆಗೆ ಜೋರಾಗಿ ಎಣಿಸಿ. ಎಣಿಸಲಾಗದಿದ್ದರೆ ಉಸಿರು ಕಟ್ಟಿದ್ದೀರಿ ಎಂದು ಅರ್ಥ.

ಇದು ಬಂದ ಮೇಲೆ ಹೀಲ್ ಸ್ಲೈಡ್. ರೆಡ್ ಆಕ್ಸೈಡ್ ಅಥವಾ ಟೈಲ್ಸ್ ನೆಲದಲ್ಲಿ ಹಿಮ್ಮಡಿ ಕೆಳಗೆ ಬಟ್ಟೆ ಹಾಕಿದರೆ ಚೆನ್ನಾಗಿ ಜಾರುತ್ತದೆ. ಉಸಿರು ಬಿಡುತ್ತಾ ಒಂದು ಕಾಲನ್ನು ನಾಲ್ಕು ಎಣಿಸುವಷ್ಟರಲ್ಲಿ ಚಾಚಿ, ಎಳೆದುಕೊಳ್ಳುತ್ತಾ ವಾಪಸ್. ಪ್ರತಿ ಕಾಲಿಗೆ 8. ಕೆಲಸ ಕಾಲಿನದೆಂದು ಕಂಡರೂ ನಿಜವಾದ ವ್ಯಾಯಾಮ ಅಲ್ಲಾಡದೆ ನಿಲ್ಲುವ ಸೊಂಟದ್ದು. ಕಾಲು ಚಾಚುವ ಕೊನೆಯ ಅರ್ಧದಲ್ಲಿ ಸೊಂಟ ಬಿಲ್ಲಾಗಿ ಇನ್ನಷ್ಟು ಮೇಲೆ ಏಳುವುದು ತೀರಾ ಸಾಮಾನ್ಯ. ಎಲ್ಲಿ ಏಳುತ್ತದೋ ಅದಕ್ಕಿಂತ ಎರಡು ಇಂಚು ಮೊದಲೇ ನಿಲ್ಲಿಸಿ.

ಸೊಂಟ ಅಲ್ಲಾಡಿತೋ ಇಲ್ಲವೋ ತಿಳಿಯಲು ಒಳ್ಳೆಯ ಉಪಾಯ ಒಂದಿದೆ. ಕೈಯಿಂದ ಬಲ್ಬ್ ಒತ್ತಿ ಗಾಳಿ ತುಂಬುವ, ಮುಳ್ಳಿನ ಡಯಲ್ ಇರುವ ಬಿಪಿ ಪಟ್ಟಿ ಮನೆಯಲ್ಲಿದ್ದರೆ ಮಡಿಸಿ ಸೊಂಟದ ಕೆಳಗಿಟ್ಟು 40ರವರೆಗೆ ಗಾಳಿ ತುಂಬಿ. ಕಾಲು ಚಾಚುವಾಗ ಮುಳ್ಳು ಕೆಳಗಿಳಿದರೆ ಸೊಂಟ ಮೇಲೆದ್ದಿದೆ, ಏರಿದರೆ ನೀವು ನೆಲಕ್ಕೆ ಒತ್ತುತ್ತಿದ್ದೀರಿ. 40ರ ಆಚೀಚೆ ಐದರೊಳಗೆ ನಿಂತರೆ ಒಳ್ಳೆಯ ಹಿಡಿತ. ಬ್ಯಾಟರಿಯ ಬಿಪಿ ಮೆಷಿನ್ ಇದಕ್ಕೆ ಬರುವುದಿಲ್ಲ, ಅದು ತಾನಾಗಿಯೇ ಗಾಳಿ ತುಂಬಿ ಬಿಟ್ಟುಬಿಡುತ್ತದೆ.

ಮುಂದಿನದು ಟೋ ಟ್ಯಾಪ್. ಒಂದು ಕಾಲನ್ನು ಮಡಚಿದಂತೆಯೇ ಎತ್ತಿ ಮಂಡಿಯನ್ನು ಸೊಂಟದ ನೇರಕ್ಕೆ ತಂದು ಇಳಿಸುವುದು. ಎರಡೂ ಕಾಲು ಒಟ್ಟಿಗೆ ಮೇಲಿರುವ ಟೇಬಲ್‌ಟಾಪ್ ಭಂಗಿ ಮೊದಲ ಎರಡು ಮೂರು ವಾರ ಬೇಡ. ಅದಕ್ಕೆ ಹೋಗುವಾಗಲೂ ಒಂದಾದ ಮೇಲೆ ಒಂದು ಕಾಲು ಎತ್ತಿ, ಇಳಿಸುವಾಗಲೂ ಹಾಗೆಯೇ.

ಬ್ರಿಜ್: ಪಿಲಾಟೀಸ್‌ನಲ್ಲಿ ಕಶೇರುಗಳನ್ನು ಒಂದೊಂದಾಗಿ ಸುರುಳಿ ಬಿಚ್ಚಿದಂತೆ ಎತ್ತುವ ಬ್ರಿಜ್ ಹೆಚ್ಚು ಪ್ರಸಿದ್ಧ. ನಿಮಗೆ ಅದಲ್ಲ. ಪಿರ್ರೆಗಳನ್ನು ಬಿಗಿದು ಸೊಂಟ ಬೆನ್ನು ಎರಡನ್ನೂ ಒಂದೇ ತುಂಡಾಗಿ, ಹಲಗೆಯ ಹಾಗೆ ಎತ್ತಿ. ಭುಜ, ಸೊಂಟ, ಮಂಡಿ ಒಂದೇ ಗೆರೆಗೆ ಬಂದರೆ ಸಾಕು. ಅದಕ್ಕಿಂತ ಮೇಲೆ ಹೋದರೆ ಪಕ್ಕೆಲುಬು ಮುಂದೆ ಚಾಚಿ ಸೊಂಟ ಬಿಲ್ಲಾಗುತ್ತದೆ. 5 ಸೆಕೆಂಡು ನಿಲ್ಲಿಸಿ, 8 ಬಾರಿ. ತೊಡೆಯ ಹಿಂದೆ ಸ್ನಾಯು ಹಿಡಿದುಕೊಂಡರೆ ಪಾದ ತುಂಬಾ ದೂರ ಇದೆ. ಕೈ ಪಕ್ಕದಲ್ಲಿ ಚಾಚಿದಾಗ ನಡುಬೆರಳು ಹಿಮ್ಮಡಿಗೆ ತಾಗೀತೇನೋ ಎನ್ನುವಷ್ಟು ಹತ್ತಿರ ತನ್ನಿ. ಮುಂದೊಡೆ ಸುಡುತ್ತಿದ್ದರೆ ಹಿಮ್ಮಡಿಯಿಂದ ಒತ್ತಿ, ಕಾಲ್ಬೆರಳಿಂದ ಅಲ್ಲ.

ಬರ್ಡ್ ಡಾಗ್: ಅಂಗೈ ಮತ್ತು ಮಂಡಿ ನೆಲಕ್ಕೆ ಊರಿ ಅಂಬೆಗಾಲಿನ ಭಂಗಿ, ಕೈ ಭುಜದ ಕೆಳಗೆ, ಮಂಡಿ ಸೊಂಟದ ಕೆಳಗೆ. ಮೊದಲ ವಾರ ಕಾಲ್ಬೆರಳನ್ನು ನೆಲದ ಮೇಲೇ ಹಿಂದಕ್ಕೆ ಜಾರಿಸಿ, ಎತ್ತಬೇಡಿ. ಆಮೇಲೆ ಎದುರು ಕೈ ಸೇರಿಸಿ. ಕಾಲು ಸೊಂಟಕ್ಕಿಂತ ಮೇಲೆ ಹೋಗಬಾರದು. ಸೊಂಟದ ಮೇಲೆ ಅರ್ಧ ನೀರಿರುವ ಪ್ಲಾಸ್ಟಿಕ್ ಲೋಟ ಇಟ್ಟು ಮಾಡಿದರೆ ಯಾವ ಕಡೆಗೆ ವಾಲುತ್ತೀರಿ ಎಂದು ತಕ್ಷಣ ಗೊತ್ತಾಗುತ್ತದೆ, ಎಡಗಾಲು ಎತ್ತಿದಾಗ ಒಂದು ಥರ, ಬಲಗಾಲಿಗೆ ಇನ್ನೊಂದು ಥರ. 8 ಸೆಕೆಂಡು ಹಿಡಿದು, ಪ್ರತಿ ಬದಿ 6, ಸ್ವಲ್ಪ ವಿರಾಮ, 4, ವಿರಾಮ, 2. ಹೀಗೆ ಇಳಿಸುತ್ತಾ ಹೋಗುವ ಲೆಕ್ಕ ಕೆನಡಾದ ಬೆನ್ನೆಲುಬು ಸಂಶೋಧಕ ಸ್ಟುವರ್ಟ್ ಮೆಕ್‌ಗಿಲ್ ಅವರದು. ಒಂದೇ ಸಲ ಒಂದು ನಿಮಿಷ ಹಿಡಿದರೆ ಸ್ನಾಯು ದಣಿದು, ಕೊನೆಯ ಇಪ್ಪತ್ತು ಸೆಕೆಂಡು ತಪ್ಪು ಭಂಗಿಯನ್ನೇ ಅಭ್ಯಾಸ ಮಾಡಿದಂತಾಗುತ್ತದೆ.

ಸೈಡ್ ಪ್ಲ್ಯಾಂಕ್ ಮಂಡಿಯಿಂದ: ಮಗ್ಗುಲಾಗಿ ಮಲಗಿ ಮೊಣಕೈ ಭುಜದ ಕೆಳಗೆ, ಮಂಡಿ 90 ಡಿಗ್ರಿ ಮಡಚಿ ಸೊಂಟ ಎತ್ತಿ. 8 ಸೆಕೆಂಡು, ಬದಿಗೆ 4-5. ಭುಜ ನೋವಿದ್ದರೆ ಗೋಡೆಗೆ ಮುಂಗೈ ಒತ್ತಿ ನಿಂತುಕೊಂಡೇ ಮಾಡಬಹುದು.

ಹಂಡ್ರೆಡ್ ಮಾಡಲೇಬೇಕೆಂದರೆ ತಲೆ ನೆಲದ ಮೇಲೆ, ಪಾದ ನೆಲದ ಮೇಲೆ. ಕೈಗಳನ್ನು ಮಾತ್ರ ನೆಲದಿಂದ ನಾಲ್ಕು ಬೆರಳು ಎತ್ತಿ ಮೇಲೆ ಕೆಳಗೆ ಬಡಿಯುವುದು: ಐದು ಎಣಿಸುವವರೆಗೆ ಎಳೆದುಕೊಳ್ಳಿ, ಐದು ಎಣಿಸುವವರೆಗೆ ಬಿಡಿ, ಹತ್ತು ಸುತ್ತಿಗೆ ನೂರು. ನೋಡಲು ಏನೂ ಅಲ್ಲ ಅನಿಸುತ್ತದೆ. ಸೊಂಟದ ಮೂಳೆ ಅಲ್ಲಾಡದಂತೆ ನೂರು ಮುಗಿಸಿ ನೋಡಿ, ಆಗ ಗೊತ್ತಾಗುತ್ತದೆ.

ಕೊನೆಗೆ ಸ್ವಾನ್‌ಗೆ ಪೂರ್ವಸಿದ್ಧತೆ. ಬೋರಲು ಮಲಗಿ ಮೊಣಕೈ ಮೇಲೆ ಎರಡು ನಿಮಿಷ ಸುಮ್ಮನೆ ಇರಿ. ಹಿತವಾಗಿದ್ದರೆ ಮರುದಿನ ಎದೆಯನ್ನು ಮುಂದೆ-ಮೇಲೆ ಎತ್ತಿ, ಗುಹ್ಯದ ಮೂಳೆ ನೆಲದಲ್ಲೇ ಇರಲಿ, 6 ಬಾರಿ. ಚುಚ್ಚಿದರೆ ಹೊಟ್ಟೆ ಕೆಳಗೆ ದಿಂಬು. ಸ್ಟೆನೋಸಿಸ್, ಲಿಸ್ಥೆಸಿಸ್ ಇರುವವರು ಇದನ್ನು ಮಾಡಬಾರದು.

ಎಲ್ಲ ಸೇರಿ 20-25 ನಿಮಿಷ, ವಾರಕ್ಕೆ 4-5 ದಿನ. ಬೆಳಗ್ಗೆ ಎದ್ದ ಕೂಡಲೇ ಬೇಡ. ರಾತ್ರಿಯಿಡೀ ಮಲಗಿದಾಗ ಡಿಸ್ಕ್ ನೀರು ಹೀರಿ ಉಬ್ಬಿರುತ್ತದೆ, ಬಾಗಿದರೆ ಒತ್ತಡ ಹೆಚ್ಚು. ಎದ್ದ ಮೇಲೆ ಮೊದಲ ಒಂದೆರಡು ಗಂಟೆ ಬಗ್ಗುವುದನ್ನು ತಪ್ಪಿಸಿದವರಿಗೆ ದೀರ್ಘಕಾಲದ ಸೊಂಟನೋವು ಕಡಿಮೆಯಾದದ್ದು 1998ರ ಅಧ್ಯಯನವೊಂದರಲ್ಲಿ ಕಂಡಿದೆ. ಬೆಳಗಿನ ಹೊತ್ತು ಬಗ್ಗಿ ಕಸ ಗುಡಿಸುವುದು, ಬಕೆಟ್ ಎತ್ತುವುದಕ್ಕೂ ಇದೇ ಮಾತು.

---

ಹೊಂಗೆನೆರಳು:

ಒಳ್ಳೆಯ ಮಾಹಿತಿ ಸರ್. ನಮ್ಮಲ್ಲಿ ಬಹಳ ಜನ ಯೋಗ ಮಾಡುತ್ತಾರಲ್ಲ, ಅದೇ ಸಾಲದೇ? ಪಿಲಾಟೀಸ್‌ನಲ್ಲಿ ಹೆಚ್ಚಿನದೇನಿದೆ? ಸೊಂಟದ ಬೆಲ್ಟ್ ಕಟ್ಟಿಕೊಂಡು ಮಾಡಬಹುದೇ?

---

ಬೆನ್ನೆಲುಬು_ಫಿಸಿಯೋ:

@ಹೊಂಗೆನೆರಳು, ಯೋಗ ಸಾಕು, ಆದರೆ ಅಲ್ಲಿಯೂ ಆರಿಸುವ ನಿಯಮ ಇದೇ. ಹಲಾಸನವೂ ರೋಲ್ ಓವರೂ ಬೆನ್ನೆಲುಬಿಗೆ ಬಹುತೇಕ ಒಂದೇ. ಪಶ್ಚಿಮೋತ್ತಾನಾಸನ, ಎರಡೂ ಮಂಡಿಯನ್ನು ಎದೆಗೆ ಅಪ್ಪುವ ಪವನಮುಕ್ತಾಸನ ಇಂಥ ಬೆನ್ನಿಗೆ ಬೇಡ. ಭುಜಂಗಾಸನ, ಹಿತಮಿತವಾಗಿ ಎತ್ತಿದ ಸೇತುಬಂಧಾಸನ ಆಗಬಹುದು. ಪವನಮುಕ್ತಾಸನ ಮಾಡಿದ ಕೂಡಲೇ ಹಾಯೆನಿಸುತ್ತದೆ, ಸ್ನಾಯು ಹಿಗ್ಗುತ್ತದಲ್ಲ. ನೋವು ಏರುವುದು ಎಷ್ಟೋ ಸಲ ಅರ್ಧ ಗಂಟೆಯ ನಂತರ, ಹಾಗಾಗಿ ಜನ ಎರಡಕ್ಕೂ ನಂಟು ಕಟ್ಟುವುದಿಲ್ಲ.

ಪಿಲಾಟೀಸ್ ಬೇರೆ ವ್ಯಾಯಾಮಗಳಿಗಿಂತ ಮೇಲು ಎಂದು ಸಾಬೀತಾಗಿಲ್ಲ, ಇದನ್ನು ಸ್ಪಷ್ಟವಾಗಿ ಹೇಳಬೇಕು. ಚಿಕಿತ್ಸೆಗಳ ಕುರಿತ ಪ್ರಯೋಗಗಳನ್ನು ಒಟ್ಟುಗೂಡಿಸಿ ಅಳೆಯುವ ಕಾಕ್ರೇನ್ ಸಂಸ್ಥೆ 2015ರಲ್ಲಿ 10 ಪ್ರಯೋಗಗಳನ್ನು, ಒಟ್ಟು 510 ಜನರ ಫಲಿತಾಂಶವನ್ನು ಪರಿಶೀಲಿಸಿತು. ಏನೂ ಮಾಡದೆ ಅಥವಾ ಅಲ್ಪಸ್ವಲ್ಪ ಉಪಚಾರ ಪಡೆದವರಿಗಿಂತ ಪಿಲಾಟೀಸ್ ಮಾಡಿದವರಿಗೆ ನೋವು ಮತ್ತು ಓಡಾಟದ ತೊಂದರೆ ಕಡಿಮೆಯಾಗಿತ್ತು. ಬೇರೆ ವ್ಯಾಯಾಮದ ಜೊತೆ ಹೋಲಿಸಿದಾಗ ಇದೇ ಉತ್ತಮ ಎನ್ನುವ ಗಟ್ಟಿ ಆಧಾರ ಸಿಗಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯೂ ದೀರ್ಘಕಾಲದ ಸೊಂಟನೋವಿಗೆ ಕ್ರಮಬದ್ಧ ವ್ಯಾಯಾಮ ಎನ್ನುತ್ತದೆಯೇ ಹೊರತು ಇಂಥದ್ದೇ ಎನ್ನುವುದಿಲ್ಲ. ಪಿಲಾಟೀಸ್‌ನ ಅನುಕೂಲ ಬೇರೆಯದು: ಕೈಕಾಲು ಆಡುವಾಗ ಸೊಂಟವನ್ನು ಸ್ಥಿರವಾಗಿ ಹಿಡಿಯುವುದನ್ನು ಸಣ್ಣ ಸಣ್ಣ ಹಂತಗಳಲ್ಲಿ ಕಲಿಸುತ್ತದೆ, ತೀರಾ ನೋವಿರುವವರಿಗೂ ಶುರು ಮಾಡಲು ಒಂದು ಮೆಟ್ಟಿಲು ಸಿಗುತ್ತದೆ. ನಿಮಗೆ ಯಾವುದನ್ನು ಆರು ತಿಂಗಳು ಬಿಡದೆ ಮಾಡಲು ಮನಸ್ಸಾಗುತ್ತದೋ ಅದನ್ನೇ ಹಿಡಿಯಿರಿ.

ಬೆಲ್ಟ್: ವ್ಯಾಯಾಮಕ್ಕೆ ಬೇಡ. ಹೊಟ್ಟೆ, ಪಕ್ಕೆ ಎಲ್ಲಿ ಆಡುತ್ತಿದೆ ಎಂಬುದೇ ತಿಳಿಯದಂತಾಗುತ್ತದೆ.

---

ಕಾವೇರಿತೀರ:

ಸಂಬಂಧಪಟ್ಟ ಪ್ರಶ್ನೆಯೇ, ಇಲ್ಲೇ ಕೇಳುತ್ತೇನೆ. ಅಮ್ಮನಿಗೆ 66. ಬೆನ್ನುನೋವು ಇದೆ, ಮೂಳೆಯ ಗಟ್ಟಿತನ ಅಳೆಯುವ ಡೆಕ್ಸಾ ಪರೀಕ್ಷೆಯಲ್ಲಿ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗಿದೆ ಎಂದು ಬಂದಿದೆ. ಮೂಳೆ ಮುರಿದಿಲ್ಲ. ಮೇಲಿನ ವ್ಯಾಯಾಮಗಳನ್ನು ಅವರೂ ಮಾಡಬಹುದೇ?

---

ನೆಲದಮ್ಯಾಟ್:

ಹೆಚ್ಚಿನವು ಮಾಡಬಹುದು, ಆದರೆ ಅವರ ವಿಷಯದಲ್ಲಿ ಬೆನ್ನು ಗುಂಡಗಾಗುವ ವ್ಯಾಯಾಮ ಬೇಡ ಎಂಬುದು ನಾಲ್ಕು ದಿನದ ಮಾತಲ್ಲ, ಕಾಯಂ. ಟೊಳ್ಳಾದ ಕಶೇರುವಿನ ಮುಂಭಾಗ ಬಾಗಿದಾಗ ಕುಸಿಯುತ್ತದೆ. 1984ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನವರು ಮುಟ್ಟು ನಿಂತ, ಬೆನ್ನುಮೂಳೆ ಟೊಳ್ಳಾದ 59 ಮಹಿಳೆಯರ ಮೇಲೆ ಮಾಡಿದ ಅಧ್ಯಯನ ಪ್ರಕಟವಾಯಿತು. ಬೆನ್ನು ಹಿಂದಕ್ಕೆ ಚಾಚುವ ವ್ಯಾಯಾಮ ಮಾಡಿದವರಲ್ಲಿ 16% ಮಂದಿಗೆ ಕಶೇರು ಹೊಸದಾಗಿ ಕುಸಿದಿತ್ತು, ಮುಂದಕ್ಕೆ ಬಾಗುವ ವ್ಯಾಯಾಮ ಮಾಡಿದವರಲ್ಲಿ 89%. ಬಾಗುವ ಗುಂಪಿನಲ್ಲಿದ್ದವರು ಒಂಬತ್ತೇ ಜನ, ನಿಜ. ಆದರೂ ಅಷ್ಟು ದೊಡ್ಡ ಅಂತರವನ್ನು ಕಡೆಗಣಿಸುವಂತಿಲ್ಲ.

ಅವರಿಗೆ: ಉಸಿರು, ಹೀಲ್ ಸ್ಲೈಡ್, ಹಲಗೆಯಂಥ ಬ್ರಿಜ್, ಕಾಲು ಜಾರಿಸುವ ಬರ್ಡ್ ಡಾಗ್, ಬೋರಲು ಮಲಗಿ ಹಣೆ ಅಂಗೈ ಮೇಲಿಟ್ಟು ಎದೆಯನ್ನು ಎರಡು ಇಂಚು ಎತ್ತುವುದು. ಮೈ ತಿರುಚುವ ಸ್ಪೈನ್ ಟ್ವಿಸ್ಟ್ ಬೇಡ. ಮಂಡಿ ಒತ್ತಿದರೆ ಕೆಳಗೆ ಮಡಿಸಿದ ಟವೆಲ್. ಕೂತಲ್ಲಿಂದ ಕೈ ಊರದೆ ಏಳುವುದನ್ನೂ ಸೇರಿಸಿ, ಗಟ್ಟಿ ಕುರ್ಚಿ, ಗೋಡೆಗೆ ಒರಗಿಸಿಟ್ಟು, 8 ಬಾರಿ.

ವ್ಯಾಯಾಮಕ್ಕಿಂತ ಹೆಚ್ಚು ಅಪಾಯ ನೆಲಕ್ಕೆ ಕೂರುವುದರಲ್ಲಿ, ಏಳುವುದರಲ್ಲಿ. ಅಂಗಾತ ಮಲಗಿದ್ದವರು ನೇರವಾಗಿ ಎದ್ದು ಕೂತರೆ ಅದು ರೋಲ್ ಅಪ್ಪೇ ಆಯಿತು. ಮೊದಲು ಮಗ್ಗುಲಾಗಿ, ಕೈ ಊರಿ, ಆಮೇಲೆ ಏಳಬೇಕು. ನೆಲ ಕಷ್ಟವಾದರೆ ಮಂಚದ ಮೇಲಿನ ಹಾಸಿಗೆ ತೆಗೆದು ಹಲಗೆಯ ಮೇಲೆ ಜಮಖಾನ ಹಾಸಿ ಮಾಡಿಸಿ.

---

ಸ್ಪ್ರಿಂಗ್‌ಬಂಡಿ:

ರಿಫಾರ್ಮರ್ ಎಂಬ ಪಿಲಾಟೀಸ್ ಯಂತ್ರದ ಬಗ್ಗೆ ಯಾರೂ ಬರೆದಿಲ್ಲ, ಬೆಂಗಳೂರಿನಂಥ ಕಡೆ ಇರುವವರಿಗಾಗಿ ಹೇಳುತ್ತೇನೆ. ಸ್ಪ್ರಿಂಗ್ ಕಟ್ಟಿದ ಜಾರುಬಂಡಿಯ ಮೇಲೆ ಅಂಗಾತ ಮಲಗಿ ಪಾದದ ಅಡ್ಡಪಟ್ಟಿ ಒತ್ತುವ ಫುಟ್‌ವರ್ಕ್ ಬೆನ್ನುನೋವಿನವರಿಗೆ ನಿಜಕ್ಕೂ ಒಳ್ಳೆಯದು: ಮೈಭಾರ ಬೆನ್ನೆಲುಬಿನ ಮೇಲೆ ಬೀಳದೆ ಕಾಲಿಗೆ ಪೂರ್ತಿ ಕೆಲಸ. ಅದರಲ್ಲಿ ತಪ್ಪುವುದು ಒಂದೇ ಕಡೆ. ಬಂಡಿ ವಾಪಸ್ ಬಂದಾಗ ಮಂಡಿ ಎದೆಗೆ ತೀರಾ ಹತ್ತಿರವಾಗಿ, ಪಿರ್ರೆ ಸುರುಳಿಯಾಗಿ ಮೇಲೇಳುತ್ತದೆ. ಬಂಡಿ ನಿಲ್ಲುವ ಜಾಗವನ್ನು ಪಾದದ ಅಡ್ಡಪಟ್ಟಿಯಿಂದ ಒಂದು ಹಂತ ದೂರಕ್ಕೆ ಹಾಕಿಸಿಕೊಂಡರೆ ಸರಿಹೋಗುತ್ತದೆ. ಕಾಲು ಗಿಡ್ಡ ಇರುವವರಿಗೂ ಉದ್ದ ಇರುವವರಿಗೂ ಒಂದೇ ಅಳತೆ ಇಟ್ಟು ಕಲಿಸುವ ಕಡೆ ಸೇರಬೇಡಿ.

ಸ್ಪ್ರಿಂಗ್ ಕಡಿಮೆಯಾದರೆ ಸುಲಭ ಎಂದು ತಿಳಿಯಬೇಡಿ. ಫುಟ್‌ವರ್ಕ್‌ನಲ್ಲಿ ಅದು ನಿಜ. ಬಂಡಿಯ ಮೇಲೆ ಪ್ಲ್ಯಾಂಕ್ (ಕೈ ಊರಿ ಮೈಯನ್ನು ಹಲಗೆಯಂತೆ ನೇರ ಹಿಡಿಯುವುದು) ಮಾಡುವಾಗ ಸ್ಪ್ರಿಂಗ್ ಹಗುರವಾದಷ್ಟೂ ಬಂಡಿ ಕೈಮೀರಿ ಓಡುತ್ತದೆ, ಸೊಂಟದ ಮೇಲೆ ಹೊರೆ ಹೆಚ್ಚು. ಬಾಗುವುದನ್ನು ಸಹಿಸದವರು ಷಾರ್ಟ್ ಸ್ಪೈನ್, ಲಾಂಗ್ ಸ್ಪೈನ್, ಸ್ಟಮಕ್ ಮಸಾಜ್, ಷಾರ್ಟ್ ಬಾಕ್ಸ್‌ನ ಬೆನ್ನು ಗುಂಡಗಾಗಿಸುವ ಭಾಗ ಇವನ್ನು ಬೇಡವೆಂದು ಹೇಳಿಬಿಡಿ.

ಸೇರುವ ಮೊದಲು ಕೇಳಬೇಕಾದ್ದು: ಮೊದಲ ದಿನ ಒಬ್ಬೊಬ್ಬರನ್ನೇ ಪರೀಕ್ಷೆ ಮಾಡುತ್ತೀರಾ? ಒಬ್ಬ ಟೀಚರಿಗೆ ಎಷ್ಟು ಜನ? ಬೆನ್ನುನೋವಿನವರಿಗೆ ಮೂರು ನಾಲ್ಕಕ್ಕಿಂತ ಹೆಚ್ಚು ಜನ ಇದ್ದರೆ ಟೀಚರ ಕಣ್ಣು ಎಲ್ಲರ ಮೇಲೂ ಇರುವುದು ಕಷ್ಟ. "ಡಿಸ್ಕ್ ಉಬ್ಬಿದೆ, ಏನು ಬದಲಿಸುತ್ತೀರಿ" ಎಂದು ಕೇಳಿ ನೋಡಿ. ನೋವು ಯಾವಾಗ ಹೆಚ್ಚು ಎಂದು ಅವರು ಮರುಪ್ರಶ್ನೆ ಹಾಕಿದರೆ ಧೈರ್ಯವಾಗಿ ಸೇರಬಹುದು.

---

ಸಂಜೆಮಲ್ಲಿಗೆ:

ತುಂಬಾ ಧನ್ಯವಾದ, ಇಷ್ಟು ವಿವರ ಎಲ್ಲೂ ಸಿಕ್ಕಿರಲಿಲ್ಲ. ಇನ್ನೆರಡು ಸಂದೇಹ. ತೊಡೆಯ ಹಿಂಭಾಗ ತುಂಬಾ ಬಿಗಿ ಇದೆ, ಅದಕ್ಕೆ ಕಾಲು ನೇರ ಮೇಲೆತ್ತಿ ದುಪಟ್ಟಾ ಹಾಕಿ ಎಳೆಯುತ್ತಿದ್ದೇನೆ, ಸರಿಯೇ? ಮತ್ತೆ, ಮಾಡುವಾಗ ಸ್ವಲ್ಪ ನೋವು ಬಂದರೆ?

---

ಬೆನ್ನೆಲುಬು_ಫಿಸಿಯೋ:

ದುಪಟ್ಟಾ ಎಳೆಯುವುದನ್ನು ಇವತ್ತೇ ನಿಲ್ಲಿಸಿ. ಪಿರ್ರೆಯಿಂದ ತೊಡೆಗೆ ಸೆಳೆತ ಇರುವವರಲ್ಲಿ ಆ ಬಿಗಿತ ಎಷ್ಟೋ ಸಲ ಸ್ನಾಯುವಿನದಲ್ಲ, ನರದ್ದು. ಪರೀಕ್ಷೆ ಸುಲಭ: ಕಾಲು ಎತ್ತಿ ಬಿಗಿತ ಶುರುವಾದಲ್ಲಿ ನಿಲ್ಲಿಸಿ, ಪಾದವನ್ನು ಮಾತ್ರ ನಿಮ್ಮ ಕಡೆಗೆ ಎಳೆದುಕೊಳ್ಳಿ. ತೊಡೆಯ ಸೆಳೆತ ಜಾಸ್ತಿಯಾಗಿ ಪಾದ ಸಡಿಲಿಸಿದಾಗ ಕಡಿಮೆಯಾದರೆ ನರವೇ ಎಳೆಯುತ್ತಿದೆ ಎಂದು ತಿಳಿಯಬಹುದು, ಏಕೆಂದರೆ ತೊಡೆಯ ಹಿಂಭಾಗದ ಸ್ನಾಯು ಪಾದದವರೆಗೆ ಹೋಗುವುದೇ ಇಲ್ಲ. ಕೆರಳಿದ ನರವನ್ನು ಹಿಗ್ಗಿಸಿದರೆ ಇನ್ನಷ್ಟು ಕೆರಳುತ್ತದೆ. ಬದಲಿಗೆ ಅಂಗಾತ ಮಲಗಿ ತೊಡೆಯನ್ನು ಎರಡೂ ಕೈಲಿ ನೇರ ಮೇಲಕ್ಕೆ ಹಿಡಿದು, ಮಂಡಿಯನ್ನು ಬಿಗಿತ ಬರುವ ಸ್ವಲ್ಪ ಮೊದಲಿನವರೆಗೆ ಮಾತ್ರ ಬಿಚ್ಚಿ ಮಡಚಿ, 10 ಬಾರಿ, ಎಲ್ಲೂ ನಿಲ್ಲಿಸದೆ.

ನೋವಿಗೆ 0ಯಿಂದ 10ರ ಅಂಕ ಕೊಡಿ. ಮಾಡುವಾಗ 3ರವರೆಗೆ ಬಂದು, ಮರುದಿನ ಬೆಳಗ್ಗೆ ಎಂದಿನಷ್ಟೇ ಇದ್ದರೆ ಮುಂದುವರಿಸಿ. ಮರುದಿನವೂ ಏರಿಯೇ ಇದ್ದರೆ ವ್ಯಾಯಾಮವನ್ನು ಬಿಡಬೇಡಿ, ಹಿಂದಿನ ಹಂತಕ್ಕೆ ಇಳಿಯಿರಿ, ಸಂಖ್ಯೆ ಅರ್ಧ ಮಾಡಿ. ಅಂಕಕ್ಕಿಂತ ಮುಖ್ಯವಾದದ್ದು ನೋವು ಯಾವ ಕಡೆಗೆ ಸರಿಯುತ್ತದೆ ಎಂಬುದು. ತೊಡೆಯ ಸೆಳೆತ ಮೇಲಕ್ಕೆ ಸರಿದು ಸೊಂಟದ ಮಧ್ಯಕ್ಕೆ ಬಂದರೆ, ಸೊಂಟದಲ್ಲಿ ಸ್ವಲ್ಪ ಹೆಚ್ಚೆನಿಸಿದರೂ ಅದು ಒಳ್ಳೆಯ ಲಕ್ಷಣ. ಮಂಡಿ ದಾಟಿ ಮೀನಖಂಡಕ್ಕೆ, ಪಾದಕ್ಕೆ ಇಳಿದರೆ ಆ ವ್ಯಾಯಾಮವನ್ನು ಅಲ್ಲೇ ನಿಲ್ಲಿಸಿ. ಎರಡು ದಿನವಾದರೂ ಮೇಲೆ ಬಾರದಿದ್ದರೆ ಡಾಕ್ಟರಿಗೆ ತೋರಿಸಿ.

ಮೊದಲ ಎರಡು ವಾರ ಉಸಿರು, ಹೀಲ್ ಸ್ಲೈಡ್, ಬ್ರಿಜ್, ಬೋರಲು ಮಲಗುವುದು ಇಷ್ಟೇ. ಹೀಲ್ ಸ್ಲೈಡ್ ಎರಡೂ ಕಡೆ ಎಂಟೆಂಟು ಸೊಂಟ ಅಲ್ಲಾಡದೆ ಬಂದಾಗ ಟೋ ಟ್ಯಾಪ್, ಬರ್ಡ್ ಡಾಗ್, ಸೈಡ್ ಪ್ಲ್ಯಾಂಕ್ ಸೇರಿಸಿ. ವಾರ ಲೆಕ್ಕ ಹಾಕಿ ಮುಂದಿನ ಹಂತಕ್ಕೆ ಹೋಗಬೇಡಿ, ಹಿಂದಿನದು ಸಲೀಸಾದ ಮೇಲೆ ಹೋಗಿ. ಕೂರುವ ಕೆಲಸದ ನಡುವೆ ಮುಕ್ಕಾಲು ಗಂಟೆಗೊಮ್ಮೆ ಎದ್ದು, ಅಂಗೈಗಳನ್ನು ಸೊಂಟದ ಹಿಂದೆ ಇಟ್ಟು ಐದು ಸಲ ಹಿಂದಕ್ಕೆ ಬಾಗಿ, ನಾಲ್ಕು ಹೆಜ್ಜೆ ನಡೆಯಿರಿ. ದಿನಕ್ಕೆ ಎಂಟು ಗಂಟೆ ಗೂನಾಗಿ ಕೂತರೆ ಇಪ್ಪತ್ತು ನಿಮಿಷದ ವ್ಯಾಯಾಮ ಅದನ್ನು ಸರಿದೂಗಿಸಲಾರದು. ಇನ್ನು ರೋಲ್ ಅಪ್ ಮುಂತಾದವು: ಮೂರು ತಿಂಗಳು ಕಾಲಿಗೆ ಸೆಳೆತ ಬಾರದೆ, ಅರ್ಧ ಗಂಟೆ ಕೂತರೂ ನೋವಿಲ್ಲದೆ ಇದ್ದರೆ ಮಂಡಿ ಮಡಚಿಕೊಂಡು, ಸಂಜೆ ಹೊತ್ತು, ಅರ್ಧದಷ್ಟು ಮಾತ್ರ ಪ್ರಯತ್ನಿಸಬಹುದು. ಆಗಲೂ ಮರುದಿನ ಬೆಳಗಿನ ಅಂಕ ನೋಡಿಯೇ ಮುಂದಿನದು.